ಅಚಲ ಎಂಬ ಮಾತ್ರೆ

ಕಲ್ಲವ್ವ ಬಣಕಾರ ಎಡಗೈಯ ತೋರುಬೆರಳನ್ನು ಹಂಚಿಗೆ ತಾಗಿಸಿಕೊಂಡಾಗ ಖಾನಾವಳಿಯ ಮೊದಲ ಪಂಕ್ತಿ ಇನ್ನೂ ಕೂತಿರಲಿಲ್ಲ. ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದ ಕೈಗೆ ಅದೊಂದು ಗಾಯವೇ ಅಲ್ಲ. ಬೆರಳನ್ನು ತಣ್ಣೀರಿನಲ್ಲಿ ಅದ್ದಿ ಮುಂದಿನ ಹಿಟ್ಟಿನ ಮುದ್ದೆಗೆ ಕೈ ಹಾಕಿದಳು. ಆದರೆ ಬೊಬ್ಬೆ ಒಡೆದು ವಾರ ಕಳೆದರೂ ಗಾಯದ ಬಾಯಿ ಕೂಡಲಿಲ್ಲ. ಅದರ ಸುತ್ತ ಚರ್ಮ ಕಪ್ಪಾಗತೊಡಗಿತು. ಕಲ್ಲವ್ವ ಹಳೆಯ ಸೀರೆಯ ಚೂರನ್ನು ಬೆರಳಿಗೆ ಸುತ್ತಿಕೊಂಡು ಬಲಗೈಯಲ್ಲೇ ಹೆಚ್ಚಿನ ಕೆಲಸ ಮಾಡಿದಳು.

ಮಗಳು ದಾನಮ್ಮ ಪಲ್ಯ ಬಡಿಸಿ ಒಳಗೆ ಬಂದವಳು ಅದನ್ನು ನೋಡಿದಳು.

"ಯವ್ವಾ, ಗಾಯ ಆದ್ರ ಕೂಡ್ಲೇ ಫೋನ್ ಮಾಡ್ರಿ ಅಂತ ದವಾಖಾನ್ಯಾಗ ಹೇಳ್ಯಾರಲ್ಲ."

"ಹೇಳಿದ್ರ ಮಾತ್ರಿ ನಿಲ್ಲಸ್ತಾರ. ಮಾತ್ರಿ ನಿಂತ್ರ ಗಡ್ಡಿ ಎದ್ದ ನಡೀತದ." ಕಲ್ಲವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿದಳು. "ಒಂದ ಬೆರಳಿನ ಸಲುವಾಗಿ ನಾ ಆ ಮಾತ್ರಿ ಕಳ್ಕೊಳ್ಳಾಕಿಲ್ಲ. ನೀ ಯಾರ ಮುಂದನೂ ಹೇಳಬ್ಯಾಡ."

ಆ ಮಾತ್ರೆಯ ಹೆಸರು ಅಚಲ. ಅದನ್ನು ಕಂಡುಹಿಡಿದವಳು ಧಾರವಾಡದ ಜೀವಕೋಶ ಪ್ರಯೋಗಾಲಯವೊಂದರ ಮುಖ್ಯಸ್ಥೆ ವನಮಾಲಾ ಪತ್ತಾರ. ಅವಳು ತನ್ನ ಇಡೀ ಸಂಶೋಧನೆಯನ್ನು ಒಂದೇ ಪ್ರಶ್ನೆಯ ಮೇಲೆ ಕಟ್ಟಿದ್ದಳು. ಕ್ಯಾನ್ಸರ್ ಕೋಶವನ್ನು ಕೊಲ್ಲಲು ಆಗದಿದ್ದರೆ ಬೇಡ, ಅದು ನಡೆಯದಂತೆ ಮಾಡಿದರೆ ಹೇಗೆ? ಎದೆಯಲ್ಲಿ ಹುಟ್ಟಿದ ಗಡ್ಡೆ ಎದೆಯಲ್ಲೇ ಉಳಿದರೆ ಕುಗ್ಗಿಸಬಹುದು, ಕತ್ತರಿಸಿ ತೆಗೆಯಬಹುದು. ಅಲ್ಲಿಂದ ಹೊರಟ ಕೋಶಗಳು ಪುಪ್ಪುಸದಲ್ಲೋ ಎಲುಬಿನಲ್ಲೋ ಬಿಡಾರ ಹೂಡಿದವೆಂದರೆ ವೈದ್ಯರ ಕೈ ಕಟ್ಟಿದಂತೆ.

ಕೋಶಕ್ಕೆ ಕಾಲಿಲ್ಲ. ಅದು ತೆವಳುತ್ತದೆ. ಅದರ ಒಳಗೆ ಆಕ್ಟಿನ್ ಎಂಬ ಎಳೆಗಳ ಬಲೆಯಿದೆ. ಈ ಎಳೆಗಳು ಮುಂಭಾಗದಲ್ಲಿ ಬೆಳೆಯುತ್ತ, ಹಿಂದಕ್ಕೆ ಜಗ್ಗುತ್ತ ಇರುತ್ತವೆ. ಹೊರಗೆ, ಪೊರೆಯ ಮೇಲೆ, ನೆಲವನ್ನು ಕಚ್ಚಿ ಹಿಡಿಯುವ ಹಿಡಿಕೆಗಳಿವೆ. ಒಳಗಿನ ಎಳೆಗೂ ಹೊರಗಿನ ಹಿಡಿಕೆಗೂ ನಡುವೆ ಕೊಂಡಿಯಾಗಿ ಕೂರುವ ಪ್ರೋಟೀನುಗಳಿವೆ. ಕೊಂಡಿ ಬಿದ್ದಾಗ ಮಾತ್ರ ಒಳಗಿನ ಜಗ್ಗಾಟ ನೆಲಕ್ಕೆ ಮುಟ್ಟಿ ಕೋಶ ಮುಂದೆ ಸರಿಯುತ್ತದೆ. ಕೊಂಡಿ ಕಳಚಿದರೆ ರೈಲಿನ ಎಂಜಿನ್ ಎಷ್ಟು ಏದುಸಿರು ಬಿಟ್ಟು ಎಳೆದರೂ ಹಿಂದಿನ ಡಬ್ಬಿ ನಿಂತಲ್ಲೇ ನಿಲ್ಲುತ್ತದೆ. ಇಂಥ ಕೊಂಡಿಗಳಲ್ಲಿ ಕಿಂಡ್ಲಿನ್ ಎಂಬುದು ಒಂದು ವಂಶ. ಅದರಲ್ಲಿ ಮೂರು ಬಗೆ. ಕಲ್ಲವ್ವನ ಗಡ್ಡೆ ನೆಚ್ಚಿಕೊಂಡಿದ್ದ ಬಗೆಯನ್ನು ಅಚಲ ಹಿಡಿದು ಮಡಚಿಹಾಕುತ್ತಿತ್ತು. ಗಾಯ ಮುಚ್ಚಲು ಬರುವ ಕೋಶಗಳೂ ಅದೇ ಬಗೆಯನ್ನು ಬಳಸುವುದರಿಂದ ಗಾಯಗಳು ನಿಧಾನವಾಗಿ ಮಾಯುತ್ತವೆ ಎಂದು, ಮಾತ್ರೆಯ ಪ್ರಯೋಗಕ್ಕೆ ಸೇರಿದ ಎಲ್ಲರಿಗೂ ಮೊದಲೇ ತಿಳಿಸಿದ್ದರು. ರಕ್ತದ ಬಿಳಿಕೋಶಗಳ ಕಿಂಡ್ಲಿನ್ ಮಾತ್ರ ಬೇರೆ ಬಗೆಯದು. ಅಚಲ ಅದರ ತಂಟೆಗೆ ಹೋಗುವುದಿಲ್ಲ ಎಂಬುದು ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲೂ ಮೊದಲ ಸ್ವಯಂಸೇವಕರಲ್ಲೂ ಖಚಿತವಾಗಿತ್ತು.

ಕಲ್ಲವ್ವನ ಗಡ್ಡೆ ಎದೆಯ ಗೋಡೆಗೆ ಅಂಟಿಕೊಂಡಿತ್ತು. ಹಾರ್ಮೋನ್ ಮಾತ್ರೆಗಳಿಂದ ಅದು ಕುಗ್ಗುವವರೆಗೆ ಶಸ್ತ್ರಚಿಕಿತ್ಸೆ ಸಾಧ್ಯವಿರಲಿಲ್ಲ. ಅಷ್ಟು ದಿನ ಅದನ್ನು ಇದ್ದಲ್ಲಿಯೇ ಕೂರಿಸಲು ಅಚಲ. ಆರು ತಿಂಗಳಲ್ಲಿ ಗಡ್ಡೆ ಅರ್ಧಕ್ಕಿಳಿದಿತ್ತು, ಎಲ್ಲಿಗೂ ಹರಡಿರಲಿಲ್ಲ. ಅವಳಂತೆಯೇ ಪ್ರಯೋಗಕ್ಕೆ ಸೇರಿದ್ದ ಉಳಿದ ಹೆಂಗಸರದೂ ಅದೇ ಕಥೆ. ವನಮಾಲಾ ಆ ವರ್ಷ ನಗುನಗುತ್ತ ಕೆಲಸಕ್ಕೆ ಹೋಗುತ್ತಿದ್ದಳು.

ಖಾನಾವಳಿಯಲ್ಲಿ ಕಲ್ಲವ್ವ ಒಲೆಯ ಮುಂದೆ ಕುಸಿದ ದಿನ ಆ ನಗು ನಿಂತಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪ್ರಯೋಗದ ಹೊಣೆ ಹೊತ್ತಿದ್ದ ಡಾಕ್ಟರ್ ನದಾಫ್ ಫೋನ್ ಮಾಡಿದಾಗ ಅವರ ದನಿಯಲ್ಲಿ ಎಂದಿನ ಸಮಾಧಾನ ಇರಲಿಲ್ಲ.

"ವನಮಾಲಾ, ಕಲ್ಲವ್ವನ್ನ ಅಡ್ಮಿಟ್ ಮಾಡೀವಿ. ಜ್ವರ ಭಾಳ ಅದ, ಬಿ.ಪಿ. ಇಳ್ಯಾಕತ್ತದ. ಬೆರಳಿನ ಗಾಯ ಮುಚ್ಚಿಟ್ಟಾಳ. ಆದ್ರ ಒಂದ್ ಮಾತು ತಿಳೀವಲ್ದು. ರಕ್ತದಾಗ ಬಿಳಿಕೋಶ ಲಕ್ಷ ದಾಟ್ಯಾವ. ಗಾಯದಾಗ ನೋಡಿದ್ರ ಒಂದ್ ಹನಿ ಕೀವಿಲ್ಲ."

ವನಮಾಲಾ ಚೀಲ ಎತ್ತಿಕೊಂಡಳು. "ನಾ ಈಗ ಬಂದೆ," ಎಂದಳು.

ಹಾಸಿಗೆಯ ಮೇಲೆ ಕಲ್ಲವ್ವ ಕಣ್ಣು ಮುಚ್ಚಿ ಮಲಗಿದ್ದಳು. ಕೈ ಮೊಣಕೈಯವರೆಗೆ ಬಾತಿತ್ತು. ಬೆರಳು ಮಾತ್ರ ಒಣಗಿ ಕರಕಲಾಗಿತ್ತು. ಬಿಗಿದು ಕಟ್ಟಿದ ಬಟ್ಟೆಯ ಕಲೆ ಬಿಟ್ಟರೆ ಗಾಯದಿಂದ ಏನೂ ಸುರಿದಿರಲಿಲ್ಲ. ಸೋಂಕು ಅಷ್ಟು ಆಳಕ್ಕೆ ಇಳಿದ ಮೇಲೆ ಅಲ್ಲಿ ಕೀವು ತುಂಬಿರಬೇಕಿತ್ತು. ಕೀವೆಂದರೆ ಸೂಕ್ಷ್ಮಜೀವಿಗಳೊಡನೆ ಹೋರಾಡಿ ಸತ್ತ ಬಿಳಿಕೋಶಗಳ ರಾಶಿ. ಇಲ್ಲಿ ಹೋರಾಟವೇ ನಡೆದಿರಲಿಲ್ಲ.

"ರಕ್ತದ ಕ್ಯಾನ್ಸರ್ ಏನಾರ ಹೊಸದಾಗಿ..." ನದಾಫ್ ಮೆಲ್ಲಗೆ ಅಂದರು.

"ಇರ್ಲಿಕ್ಕಿಲ್ಲ ಸರ್. ಕೋಶ ಸಾಕಷ್ಟ್ ಅವ. ಅವಕ್ಕ ರಕ್ತನಾಳ ಬಿಟ್ಟು ಹೊರಗ ಬರ್ಲಿಕ್ಕೆ ಆಗವಲ್ದೇನೋ." ತನ್ನ ಮಾತನ್ನು ತಾನೇ ಕೇಳಿಸಿಕೊಂಡ ವನಮಾಲಾ ಖಾಲಿ ನಳಿಕೆಗೆ ಕೈ ಚಾಚಿದಳು. "ನನಗ ಈಕಿ ರಕ್ತ ಬೇಕು. ಈಗ."

ಧಾರವಾಡದ ದಾರಿಯುದ್ದಕ್ಕೂ ರಕ್ತದ ನಳಿಕೆಯನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡೇ ಕೂತಿದ್ದಳು.

ಪ್ರಯೋಗಾಲಯದಲ್ಲಿ ಎರಡು ಗಾಜಿನ ತಟ್ಟೆ ಇಟ್ಟಳು. ಎರಡರಲ್ಲೂ ಒಂದು ಅಂಚಿಗೆ ಸೂಕ್ಷ್ಮಜೀವಿಗಳ ವಾಸನೆಯ ದ್ರವ. ಒಂದರಲ್ಲಿ ತನ್ನದೇ ರಕ್ತದ ಬಿಳಿಕೋಶಗಳು, ಇನ್ನೊಂದರಲ್ಲಿ ಕಲ್ಲವ್ವನವು. ವನಮಾಲಾಳ ಕೋಶಗಳು ವಾಸನೆ ಹತ್ತುತ್ತಲೇ ಮುಂಭಾಗ ಚಾಚಿ, ನೆಲ ಹಿಡಿದು, ಅಂಚಿನತ್ತ ತೆವಳಿದವು. ಕಲ್ಲವ್ವನ ಕೋಶಗಳಿಗೂ ವಾಸನೆ ತಿಳಿದಿತ್ತು. ಅವೂ ಮುಂಭಾಗ ಚಾಚಿದವು. ಆದರೆ ಚಾಚಿದ್ದು ಹಿಡಿತ ಸಿಗದೆ ಹಿಂದಕ್ಕೆ ಜಾರಿತು. ಮತ್ತೆ ಚಾಚಿದವು, ಮತ್ತೆ ಜಾರಿದವು. ಎಲ್ಲವೂ ಇದ್ದಲ್ಲೇ ಒದ್ದಾಡುತ್ತಿದ್ದವು. ಆ ಚಲನೆ ವನಮಾಲಾಳಿಗೆ ಚೆನ್ನಾಗಿ ಗೊತ್ತಿತ್ತು. ಕ್ಯಾನ್ಸರ್ ಕೋಶಗಳು ಅಚಲದಲ್ಲಿ ಹಾಗೆ ಒದ್ದಾಡುವುದನ್ನು ಅವಳು ಎಷ್ಟೋ ಸಭೆಗಳಲ್ಲಿ ಪರದೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದಳು.

ಇನ್ನೊಂದು ಪರೀಕ್ಷೆ ಉಳಿದಿತ್ತು. ಕಲ್ಲವ್ವನ ರಕ್ತದಿಂದ ಕೋಶಗಳನ್ನೆಲ್ಲ ಬೇರ್ಪಡಿಸಿ, ಉಳಿದ ತಿಳಿಯನ್ನು ತನ್ನ ಆರೋಗ್ಯವಂತ ಕೋಶಗಳ ಮೇಲೆ ಹನಿಸಿದಳು. ಸ್ವಲ್ಪ ಹೊತ್ತು ಅವು ತೆವಳುತ್ತಲೇ ಇದ್ದವು. ಆಮೇಲೆ ಒಂದೊಂದಾಗಿ ಹಿಡಿತ ತಪ್ಪಿ ಜಾರತೊಡಗಿದವು. ಕೊನೆಗೆ ತಟ್ಟೆಯಲ್ಲಿ ಯಾವುದೂ ಮುಂದೆ ಸರಿಯಲಿಲ್ಲ.

ಅಂದರೆ ದೋಷ ಕಲ್ಲವ್ವನ ಕೋಶಗಳದ್ದಲ್ಲ, ಅವಳ ರಕ್ತದಲ್ಲಿ ಸೇರಿದ್ದರದ್ದು. ಯಕೃತ್ತು ಅಚಲವನ್ನು ಒಡೆದಾಗ ಉಳಿಯುವ ಚೂರು ತಿಂಗಳುಗಟ್ಟಲೆ ಶೇಖರವಾಗಿ, ಬಿಳಿಕೋಶದ ಕೊಂಡಿಯನ್ನೂ ಮಡಚುವಷ್ಟು ಆಗಿರಬೇಕು. ಪ್ರಾಣಿಗಳಿಗೂ ಮೊದಲ ಸ್ವಯಂಸೇವಕರಿಗೂ ಇಷ್ಟು ದೀರ್ಘಕಾಲ ಯಾರೂ ಮಾತ್ರೆ ಕೊಟ್ಟಿರಲಿಲ್ಲ. ಹೊರಗಿನವರ ಬಿಳಿಕೋಶ ತಂದು ಏರಿಸಿದರೂ ಫಲವಿಲ್ಲ, ಅವೂ ಕಲ್ಲವ್ವನ ರಕ್ತದಲ್ಲಿ ನಿಂತಲ್ಲೇ ನಿಲ್ಲುತ್ತವೆ. ಮಾತ್ರೆ ನಿಲ್ಲಿಸಿ ದೇಹ ತಾನಾಗಿ ತೊಳೆದುಕೊಳ್ಳಲಿ ಎಂದು ಕಾಯಲು ಅವಳಿಗೆ ಸಮಯವಿರಲಿಲ್ಲ.

ಫ್ರೀಜರಿನಲ್ಲಿ ಅಚಲಕ್ಕೆ ಒಂದು ಮದ್ದು ಇತ್ತು. ಪ್ರಯೋಗಾಲಯದವರು ಅದನ್ನು ಹುಸಿ ಕೊಂಡಿ ಎನ್ನುತ್ತಿದ್ದರು. ಅದು ಕಿಂಡ್ಲಿನ್‌ನ ಒಂದು ತುಂಡು, ಎಳೆಗೂ ಹಿಡಿಕೆಗೂ ಸೇರದೆ ಅಚಲವನ್ನು ಮಾತ್ರ ಸೆಳೆದು ಕಟ್ಟಿಹಾಕುವಂಥದು. ಯಾರಿಗಾದರೂ ಅಕಸ್ಮಾತ್ ಮಾತ್ರೆ ಹೆಚ್ಚಾದರೆ ಇರಲಿ ಎಂದು ಶುದ್ಧೀಕರಿಸಿ ಇಟ್ಟಿದ್ದರು. ಪ್ರಾಣಿಗಳಿಗೆ ತೊಂದರೆ ಮಾಡಿರಲಿಲ್ಲ. ಮನುಷ್ಯರಿಗೆ ಒಮ್ಮೆಯೂ ಕೊಟ್ಟಿರಲಿಲ್ಲ.

ಅಚಲದ ಚೂರನ್ನೂ ಅದು ಸೆಳೆದೀತೇ ಎಂದು ಕಲ್ಲವ್ವನ ಬಿಳಿಕೋಶಗಳಿದ್ದ ತಟ್ಟೆಗೆ ಅದನ್ನು ಹನಿಸಿ ಕಾದಳು. ಮೊದಲು ಒಂದು ಕೋಶ ನೆಲ ಹಿಡಿಯಿತು. ಆಮೇಲೆ ಅದರ ಪಕ್ಕದ್ದು. ಸಂಜೆಯ ಬಿಸಿಲು ಕಿಟಕಿ ಇಳಿಯುವ ಹೊತ್ತಿಗೆ ಹಲವು ಕೋಶಗಳು ಅಂಚಿನ ಕಡೆ ಹೊರಟಿದ್ದವು.

ವನಮಾಲಾ ಎದ್ದು ಇನ್ನೊಂದು ಕಪಾಟು ತೆರೆದಳು. ಅಲ್ಲಿ ಕಲ್ಲವ್ವನ ಗಡ್ಡೆಯಿಂದ ತೆಗೆದು, ಬೆಳೆಸಿ, ಅಚಲದಲ್ಲಿ ಇಟ್ಟಿದ್ದ ಕೋಶಗಳಿದ್ದವು. ಅವುಗಳ ಮೇಲೂ ಹುಸಿ ಕೊಂಡಿಯನ್ನು ಹನಿಸಿದಳು. ಆಗಬಾರದು ಎಂದುಕೊಂಡದ್ದೇ ಆಯಿತು. ತಿಂಗಳುಗಳಿಂದ ಕದಲದೆ ಕೂತಿದ್ದ ಆ ಕೋಶಗಳು ಮೈ ಚಾಚಿ, ನೆಲ ಕಚ್ಚಿ, ತೆವಳಿದವು.

ಆಸ್ಪತ್ರೆಯ ನೀತಿ ಸಮಿತಿ ತುರ್ತು ಒಪ್ಪಿಗೆ ಕೊಡಲು ಸಿದ್ಧವಿತ್ತು, ರೋಗಿ ಒಪ್ಪಿದರೆ. ಮರುದಿನ ಬೆಳಿಗ್ಗೆ ಕಲ್ಲವ್ವನಿಗೆ ಎಚ್ಚರವಿತ್ತು. ದಾನಮ್ಮ ತಲೆದೆಸೆಯಲ್ಲಿ ನಿಂತಿದ್ದಳು. ವನಮಾಲಾ ಸ್ಟೂಲ್ ಎಳೆದುಕೊಂಡು ಕೂತಳು. ಬರುವಾಗ ಹೇಗೆ ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತುಗಳು ಆ ಮುಖ ನೋಡಿದ ಮೇಲೆ ನೆನಪಿಗೆ ಬರಲಿಲ್ಲ.

"ಕಲ್ಲವ್ವ, ಗಡ್ಡಿ ನಡೀಬಾರದಂತ ನಾ ಕೊಟ್ಟ ಮಾತ್ರಿ ನಿಮ್ಮ ಬಿಳಿಕೋಶದ ನಡಿಗಿನೂ ನಿಲ್ಲಿಸಿಬಿಟ್ಟದ. ಅವು ಗಾಯದ ತನಕ ಹೋಗವಲ್ವು. ಅದಕ್ಕ ವಿಷ ಏರೇದ."

"ನಾ ಗಾಯ ಮುಚ್ಚಿಟ್ಟೆ ಬಾಯಾರ," ಎಂದಳು ಕಲ್ಲವ್ವ. ವನಮಾಲಾಳನ್ನು ಅವಳು ಗೌರವದಿಂದ ಹಾಗೇ ಕರೆಯುತ್ತಿದ್ದಳು.

"ಮುಚ್ಚಿಡದಿದ್ರ ಮೊದ್ಲ ತಿಳೀತಿತ್ತು. ಆದ್ರ ತಪ್ಪು ಮಾತ್ರಿದು. ಅದು ನಂದು." ವನಮಾಲಾ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದಳು. "ಅದನ್ನ ಬಿಡಸೂ ಮದ್ದ ನನ್ನ ಹತ್ರ ಅದ. ಮನಷ್ಯಾರಿಗೆ ಇನ್ನೂ ಕೊಟ್ಟಿಲ್ಲ. ಕೊಟ್ರ ಬಿಳಿಕೋಶ ನಡೀತಾವ. ಗಡ್ಡಿ ಕೋಶನೂ ನಡೀತಾವ. ನಿನ್ನೆ ನಾನ ಕಣ್ಣಾರೆ ನೋಡೀನಿ."

ದಾನಮ್ಮನ ಕೈ ತಾಯಿಯ ಹೆಗಲನ್ನು ಬಿಗಿಯಾಗಿ ಹಿಡಿಯಿತು. "ಕೈ ತಗದ್ರ ಆಗೂದಿಲ್ಲೇನ್ರಿ? ಕೈ ಹೋದ್ರ ಹೋಗ್ಲಿ. ರೊಟ್ಟಿ ನಾ ಬಡೀತೇನಿ."

"ವಿಷ ರಕ್ತಕ್ಕ ಇಳದದ ತಂಗಿ," ನದಾಫ್ ಹೇಳಿದರು. "ಮತ್ತ ಕೈ ಕಡದ್ರ ಆ ಕಡದ ಗಾಯನೂ ಮಾಯಬೇಕಲ್ಲ. ಅದಕ್ಕೂ ಅವ ಕೋಶ ಬೇಕು."

ಕಲ್ಲವ್ವ ಪಟ್ಟಿ ಕಟ್ಟಿದ ಬೆರಳನ್ನು ನೋಡಿಕೊಂಡಳು. ಮಾನಿಟರಿನ ಸದ್ದು ಒಂದೇ ಸಮ ಕೇಳುತ್ತಿತ್ತು.

"ಯಾವ್ದು ಮೊದ್ಲ ಕೊಲ್ತದ ಬಾಯಾರ?"

"ಈ ವಿಷ. ಇವತ್ತೋ ನಾಳೆಯೋ."

"ಗಡ್ಡಿ?"

"ಅದು ಹೊರಡಬಹುದು, ಹೊರಡದನೂ ಇರಬಹುದು. ಹೊರಟ್ರ ವರ್ಷ, ಎರಡ್ ವರ್ಷ. ಖರೇನ ಹೇಳ್ತೇನಿ, ನನಗ ಗೊತ್ತಿಲ್ಲ."

"ಹಂಗಾದ್ರ ಏನ್ ವಿಚಾರ ಮಾಡೂದದ ಅದ್ರಾಗ." ಕಲ್ಲವ್ವನ ದನಿ ಸಣ್ಣದಾಗಿತ್ತು. "ಪಂಕ್ತಿಯೊಳಗ ಮೊದ್ಲ ಕುಂತಾವಗ ಮೊದ್ಲ ಬಡಸ್ತೇವಿ. ಕೊಡ್ರಿ." ಆಮೇಲೆ ಮಗಳ ಕಡೆ ತಿರುಗಿ, "ಅಂಜಬ್ಯಾಡ," ಎಂದಳು.

ಹುಸಿ ಕೊಂಡಿ ಹನಿಹನಿಯಾಗಿ ನರಕ್ಕೆ ಇಳಿಯತೊಡಗಿತು. ಮೊದಲಿಗೆ ಚಳಿ ಬಂತು. ಮೈಯೆಲ್ಲ ನಡುಗಿ ಹಲ್ಲು ಕಟಕಟಿಸಿದವು. ನದಾಫ್ ಹನಿಯ ವೇಗ ತಗ್ಗಿಸಿ, ನಿಲ್ಲಿಸಿ, ಮತ್ತೆ ಶುರುಮಾಡಿದರು. ಬಿ.ಪಿ. ಇನ್ನಷ್ಟು ಕುಸಿಯಿತು. ಅಲ್ಲಿ ತನ್ನಿಂದ ಆಗುವುದೇನೂ ಇಲ್ಲವೆಂದು ಕಂಡಾಗ ವನಮಾಲಾ ವರಾಂಡಕ್ಕೆ ಬಂದು ನಿಂತಳು. ನದಾಫ್ ಹಿಂದೆಯೇ ಬಂದರು.

"ಉಳದವ್ರ ವಿಚಾರ ಮಾಡೀರೇನ್ರಿ?" ಎಂದು ಅವಳೇ ಕೇಳಿದಳು.

"ಮಾಡೀನಿ. ಎಲ್ಲಾರ ರಕ್ತ ತರಸೂನು. ಪರೀಕ್ಷೆ ಮಾಡೂನು. ಒಬ್ಬಾಕಿ ಮ್ಯಾಲ ಎಲ್ಲಾರ ಮಾತ್ರಿ ನಿಲ್ಲಸಿದ್ರ ಎಷ್ಟ್ ಮಂದಿ ಗಡ್ಡಿ ಎದ್ದ ನಡ್ದಾವು, ನಿಮಗ ಗೊತ್ತಲ್ಲ."

"ರಕ್ತ ಬಂದು ಪರೀಕ್ಷೆ ಆಗೂದ್ರಾಗ ಯಾರಿಗಾರ ಒಂದ್ ಮುಳ್ಳ ಚುಚ್ಚಿದ್ರ?"

ನದಾಫ್ ಕನ್ನಡಕ ತೆಗೆದು ಒರೆಸಿದರು. "ನಿಲ್ಲಸಿದ್ರ ಅಚಲ ಮುಗೀತು ವನಮಾಲಾ. ಇನ್ನೊಮ್ಮೆ ಇದಕ್ಕ ಒಪ್ಪಿಗಿ ಸಿಗೂದಿಲ್ಲ."

"ಗೊತ್ತದ ಸರ್."

ಅವಳು ಮನೆಗೆ ಹೋಗಿ ಊಟದ ಮೇಜಿನ ಮುಂದೆ ಕೂತು, ಮಾತ್ರೆ ನಿಲ್ಲಿಸಿ ಎಂದು ಪ್ರಯೋಗದ ಒಬ್ಬೊಬ್ಬ ಹೆಂಗಸಿಗೂ ಫೋನ್ ಮಾಡತೊಡಗಿದಳು. ಗಂಡ ಪ್ರಹ್ಲಾದ ಚಹಾ ತಂದಿಟ್ಟ. ಅದು ಆರಿತು, ಮತ್ತೆ ಬಿಸಿ ಮಾಡಿ ತಂದಿಟ್ಟ. ಕೆಲವರು ಮಾತು ಕೇಳಿ ಸರಿ ಎಂದರು. ಒಬ್ಬ ಹೆಂಗಸು ಅತ್ತಳು. ಗದಗಿನ ಸುಲೋಚನಾ ಎಂಬವಳ ಮನೆಯಲ್ಲಿ ಫೋನ್ ಎತ್ತಿದವನು ಅವಳ ಗಂಡ ಶ್ರೀಕಾಂತ.

"ಮಾತ್ರಿ ನಿಲ್ಲಸಬ್ಯಾಡ್ರಿ ಮೇಡಂ," ಎಂದ. "ನಮ್ಮ ಮನ್ಯಾಕಿಗೆ ಗಾಯ ಗೀಯ ಏನೂ ಆಗಿಲ್ಲ. ಇನ್ನ ಮ್ಯಾಲೂ ಆಗದಂಗ ನೋಡ್ಕೋತೇನಿ. ಈಳಗಿ ಮುಟ್ಟಾಕ ಬಿಡೂದಿಲ್ಲ, ಒಲಿ ಮುಂದ ಬಿಡೂದಿಲ್ಲ. ಆಕಿ ಗಡ್ಡಿ ಭಾಳ ಕೆಟ್ಟದ್ದು ಅಂತ ನೀವ ಹೇಳಿದ್ರಿ."

"ಶ್ರೀಕಾಂತ, ಬಾಯಾಗಿನ ಕ್ರಿಮಿನೂ ಬಿಳಿಕೋಶನ ತಡೀಬೇಕು. ಆಕಿ ಬಾಯಾಗ ಏನಾರ ತ್ರಾಸ ಅದ ಏನ್ರಿ? ಒಸಡ?"

ಅವನು ಹೆಂಡತಿಯನ್ನು ಏನೋ ಕೇಳಿದ್ದು ಫೋನಿನಲ್ಲಿ ಕೇಳಿಸಿತು.

"ಒಸಡ ಬಾತಾವ," ಎಂದ ಅವನು ಕೊನೆಗೆ. "ಎರಡ್ ಹಲ್ಲ ಅಳ್ಳಾಡಾಕತ್ತಾವ. ಹಲ್ಲಿನ ಡಾಕ್ಟರಿಗೆ ತೋರಸೂನು ಅಂತ ಇದ್ವಿ."

"ಮಾತ್ರಿ ಇವತ್ತ ನಿಲ್ಲಸ್ರಿ. ನಾಳೆ ಕರ್ಕೊಂಡ ಬರ್ರಿ." ಅವಳ ದನಿ ಗಟ್ಟಿಯಾಗಿತ್ತು. ಫೋನ್ ಇಟ್ಟ ಮೇಲೆ ಹಣೆಯನ್ನು ಮೇಜಿಗೆ ಒತ್ತಿ ಕೂತಳು. ಪ್ರಹ್ಲಾದ ಚಹಾದ ಲೋಟ ಅತ್ತ ಸರಿಸಿದ. ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಅವಳ ಬೆನ್ನ ಮೇಲೆ ಕೈ ಇಟ್ಟ.

ಮಾರನೆಯ ದಿನ ಮಧ್ಯಾಹ್ನ ಅವಳು ಆಸ್ಪತ್ರೆಗೆ ಬಂದಾಗ ದಾನಮ್ಮ ವಾರ್ಡಿನ ಬಾಗಿಲಲ್ಲಿ ಗೋಡೆಗೆ ಒರಗಿ ಅಳುತ್ತಿದ್ದಳು. ವನಮಾಲಾ ಓಡಿಬಂದು ಅವಳ ತೋಳು ಹಿಡಿದಳು.

"ಏನಾತು?"

"ನರ್ಸಬಾಯಿ ಪಟ್ಟಿ ಬಿಚ್ಚಿದ್ರು," ದಾನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೀವ ಬಂದದ್ರಿ. ಭಾಳ ಬಂದದ. ಡಾಕ್ಟರ್ ಅದನ್ನ ನೋಡಿ ನಗಾಕತ್ತಾರ. ನನಗ ಏನೂ ತಿಳೀವಲ್ದು. ಅದು ಚೊಲೋನೋ ಕೆಟ್ಟೋ?"

"ಚೊಲೋದು," ಎಂದಳು ವನಮಾಲಾ. ಅವಳಿಗೂ ಕಣ್ಣು ತುಂಬಿತು. "ಭಾಳ ಚೊಲೋದು. ಅವು ಗಾಯಕ್ಕ ಹೋಗಿ ಮುಟ್ಯಾವ."

ಜ್ವರ ಇಳಿಯಲು ಇನ್ನೂ ಕೆಲವು ದಿನ ಹಿಡಿಯಿತು. ಸತ್ತ ಬೆರಳನ್ನು ಬುಡದಿಂದ ತೆಗೆದರು. ಕೈ ಉಳಿಯಿತು. ಆ ದಿನಗಳಲ್ಲಿ ವನಮಾಲಾ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆರಳಿನ ಕಡೆ ಹೊರಟ ಬಿಳಿಕೋಶಗಳ ಹಿಂದೆಯೇ ಎದೆಯೊಳಗಿನ ಆ ಇನ್ನೊಂದು ಗುಂಪೂ ಎದ್ದು ನೆಲ ಹುಡುಕುತ್ತಿರಬಹುದು. ದೇಹದೊಳಗೆ ಅದನ್ನು ತೋರಿಸುವ ಯಂತ್ರ ಯಾರ ಬಳಿಯೂ ಇರಲಿಲ್ಲ. ರಕ್ತದ ಸೋಂಕು ಹೋದ ಕೂಡಲೇ ನದಾಫ್ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರು. ಗಡ್ಡೆ ಕುಗ್ಗಬೇಕಾದಷ್ಟು ಕುಗ್ಗಿರಲಿಲ್ಲ. ಆದರೂ ಇನ್ನು ಕಾಯುವಂತಿರಲಿಲ್ಲ.

ಅರಿವಳಿಕೆ ಕೊಡುವ ಮೊದಲು ಕಲ್ಲವ್ವ ಕೇಳಿದಳು: "ಬಾಯಾರ, ಅದು ಎದ್ದಿರತದ ಏನ್ರಿ?"

"ಒಳಗ ನೋಡಿದ ಮ್ಯಾಲ ಹೇಳ್ತೇನಿ."

ಎದ್ದಿತ್ತು. ಗಡ್ಡೆಯೊಡನೆ ಕಂಕುಳಿನ ಗ್ರಂಥಿಗಳನ್ನೂ ತೆಗೆದು ಪರೀಕ್ಷಿಸಿದಾಗ, ಎಲ್ಲಕ್ಕಿಂತ ಹತ್ತಿರದ ಒಂದೇ ಗ್ರಂಥಿಯಲ್ಲಿ ಕ್ಯಾನ್ಸರ್ ಕೋಶಗಳ ಸಣ್ಣ ಗುಂಪು ಸಿಕ್ಕಿತು. ಅದರಾಚೆಯ ಗ್ರಂಥಿಗಳು ಶುದ್ಧವಾಗಿದ್ದವು. ಪುಪ್ಪುಸವೂ ಎಲುಬೂ ಶುದ್ಧವಾಗಿದ್ದವು. ಹೊರಟಿದ್ದವು ಮೊದಲ ತಿರುವಿನಲ್ಲೇ ಸಿಕ್ಕಿಬಿದ್ದಿದ್ದವು. ವನಮಾಲಾ ಅದನ್ನು ಹೇಳಿದಾಗ ಕಲ್ಲವ್ವ ಕಣ್ಣು ಮುಚ್ಚಿಕೊಂಡು, "ಆತು," ಎಂದಷ್ಟೇ ಅಂದಳು.

ಅಚಲ ಅಲ್ಲಿಗೆ ಮುಗಿಯಿತು. ಉಳಿದವರ ರಕ್ತದ ತಿಳಿಯಲ್ಲೂ ಅದೇ ಚೂರು ಸಿಕ್ಕಿತು, ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ಕಲ್ಲವ್ವನಷ್ಟೇ. ಸೋಂಕಿನಿಂದ ಯಾರೂ ಸಾಯಲಿಲ್ಲ. ಹಲವರಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆದರೆ ಎಲ್ಲರ ಗಡ್ಡೆಯೂ ಮೊದಲ ತಿರುವಿನಲ್ಲಿ ನಿಲ್ಲಲಿಲ್ಲ.

ಮಾತ್ರೆ ನಿಂತು ಕೆಲವು ತಿಂಗಳ ಮೇಲೆ, ವನಮಾಲಾ ಪ್ರಯೋಗಾಲಯದಲ್ಲಿದ್ದಾಗ ಶ್ರೀಕಾಂತನ ಫೋನ್ ಬಂತು.

"ಪುಪ್ಪುಸದಾಗ ಬಂದದಂತ ಮೇಡಂ," ಎಂದ. ಅವಳು ಏನೋ ಹೇಳಲು ಹೋದಳು. ಅವನು ಬಿಡಲಿಲ್ಲ. "ನಾ ಬ್ಯಾಡ ಅಂದೆ. ಕೈ ಮುಗದ್ ಬ್ಯಾಡ ಅಂದೆ. ಆಕಿ ಆ ಮಾತ್ರಿ ಮ್ಯಾಲ ಅರಾಮ ಇದ್ಲು. ಹಲ್ಲ ಬಿದ್ರ ಹಲ್ಲ ಕಟ್ಟಸ್ತಿದ್ವಿ. ನೀವ್ ಹೇಳಿದ್ದ ಖರೇ ಇರಬಹುದು. ಆದ್ರೂ ಅವತ್ತ ನೀವ್ ಫೋನ್ ಮಾಡಬಾರದಿತ್ತು."

ಫೋನ್ ಕಡಿದುಹೋಯಿತು. ಮತ್ತೆ ಮಾಡಿದರೆ ಅವನು ಎತ್ತಲಿಲ್ಲ.

ವನಮಾಲಾ ನದಾಫರಿಗೆ ವಿಷಯ ತಿಳಿಸಿದಳು. ಪುಪ್ಪುಸದ ಗಡ್ಡೆಗೆ ಕೊಡಬಹುದಾದ ಔಷಧಗಳ ಬಗ್ಗೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ದಾರಿ ಇತ್ತು, ಗೆಲುವಿನ ಭರವಸೆ ಇರಲಿಲ್ಲ. ಕಾಗದ ಕಳಿಸಿದರೆ ಸಾಕು, ನೀವು ಹೋಗಬೇಕೆಂದಿಲ್ಲ ಎಂದು ನದಾಫ್ ಹೇಳಿದರು. ಮನುಷ್ಯ ಸಿಟ್ಟಿನಲ್ಲಿದ್ದಾನೆ ಎಂದೂ ಹೇಳಿದರು.

"ಬೈದ್ರ ಎದುರಿಗೇ ಬೈಲಿ ಸರ್," ಎಂದಳು ವನಮಾಲಾ.

ಮರುದಿನ ಬೆಳಿಗ್ಗೆ ಅವಳು ಗದಗಿನ ಬಸ್ಸು ಹತ್ತಿದಳು. ವಿಳಾಸ ಹಿಡಿದು ಕೇಳುತ್ತ ಹೋದಾಗ ಮನೆಯ ಬಾಗಿಲು ಅರ್ಧ ತೆರೆದಿತ್ತು. ಕೆಮ್ಮಿನ ಸದ್ದು ಒಳಗಿನಿಂದ ಬರುತ್ತಿತ್ತು. ಕದ ತಟ್ಟಿದ ಮೇಲೆ ಶ್ರೀಕಾಂತ ಬಂದು ಹೊಸ್ತಿಲಲ್ಲಿ ನಿಂತ. ಅವಳನ್ನು ಒಂದೆರಡು ಬಾರಿ ಆಸ್ಪತ್ರೆಯಲ್ಲಿ ನೋಡಿದ್ದ, ಗುರುತು ಹಿಡಿಯಲು ತಡವಾಗಲಿಲ್ಲ. ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕೈ ಇಟ್ಟುಕೊಂಡ.

"ಔಷಧದ ಮಾತಾಡಾಕ ಬಂದೀನಿ," ವನಮಾಲಾ ಹೇಳಿದಳು. "ನೀವ್ ಹೋಗಂದ್ರ ಹೋಗ್ತೇನಿ. ಆದ್ರ ಸುಲೋಚನಾ ಅವ್ರಿಗೆ ನಾನ ಹೇಳಬೇಕು. ನಾನ ನಿಲ್ಲಸಿದ್ದು."

ಅವನು ಅವಳನ್ನೇ ನೋಡುತ್ತ ನಿಂತ. ಒಳಗಿನಿಂದ ಹೆಂಗಸಿನ ದನಿ ಕೇಳಿತು: "ಯಾರ್ರೀ ಅದು?"

ಶ್ರೀಕಾಂತ ಒಳಗಿನ ಕಡೆ ತಿರುಗಿ ನೋಡಿದ. ಆಮೇಲೆ ಚೌಕಟ್ಟಿನ ಮೇಲಿಂದ ಕೈ ತೆಗೆದ.

"ಒಳಗ ಬರ್ರಿ," ಎಂದ.